ಕಾಲು ಸೆಂಟಿನ ಲೆಕ್ಕ, ದುಡ್ಡಿಲ್ಲದ ಊರಿನ ಅಂಗಡಿ

ಪ್ರಶ್ನೆ: ಹೋದ ವರ್ಷ ಅಮೆರಿಕದ ಇಲಿನಾಯ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಸ್ಪ್ರಿಂಗ್‌ಫೀಲ್ಡ್ ಹತ್ತಿರದ ನ್ಯೂ ಸೇಲಂ ತೋರಿಸಿದರು. ಲಿಂಕನ್ ಚಿಕ್ಕ ವಯಸ್ಸಿನಲ್ಲಿ ಅಂಗಡಿ ನಡೆಸಿದ ಊರು. ಊರಿಗೆ ವಾಪಸ್ ಬಂದ ಮೇಲೆ ಆ ಕಾಲದ ಅಂಗಡಿ ಪುಸ್ತಕಗಳ ಚಿತ್ರ ಹುಡುಕಿ ನೋಡಿದೆ. ಎಲ್ಲಿ ನೋಡಿದರೂ 6¼ ಸೆಂಟು, 12½ ಸೆಂಟು, 37½ ಸೆಂಟು! ಕಾಲು ಸೆಂಟಿನ ನಾಣ್ಯ ಇತ್ತಾ? ಕಾಡು ಕಡಿದು ಹೊಸದಾಗಿ ಊರು ಕಟ್ಟಿದವರ ಹತ್ತಿರ ದುಡ್ಡೇ ಇರಲಿಲ್ಲ ಅಂತಾರೆ. ಹಾಗಿದ್ದ ಮೇಲೆ ಅಂಗಡಿಯವನು ಏನಂತ ಬರೆದುಕೊಳ್ಳುತ್ತಿದ್ದ? ಹಾವೇರಿ ಕಡೆ ನಮ್ಮ ತಂದೆಯವರದೂ ಕಿರಾಣಿ ಅಂಗಡಿ ಇತ್ತು. ಅವರ ಹಳೇ ಖಾತೆ ಪುಸ್ತಕಗಳು ಅಟ್ಟದ ಮೇಲಿವೆ. ಅಮ್ಮ ಇದ್ದಾರೆ, ಆದರೆ ಆ ಪುಸ್ತಕ ಯಾರೂ ಮುಟ್ಟುವುದಿಲ್ಲ. ಇಟ್ಟುಕೊಳ್ಳಬೇಕಾ, ರದ್ದಿಗೆ ಹಾಕಬೇಕಾ?

ಉತ್ತರ: ಮೊದಲು ಕೊನೆಯ ಪ್ರಶ್ನೆ. ರದ್ದಿಗೆ ಹಾಕಬೇಡಿ. ಯಾಕೆ ಅನ್ನೋದನ್ನು ನ್ಯೂ ಸೇಲಂ ಕಡೆಯಿಂದ ಸುತ್ತಿಕೊಂಡು ಬಂದು ಹೇಳುತ್ತೇನೆ.

ಕಾಲು ಸೆಂಟಿನ ನಾಣ್ಯ ಅಮೆರಿಕ ಸರ್ಕಾರ ಯಾವತ್ತೂ ಹೊರಡಿಸಲಿಲ್ಲ. ಅರ್ಧ ಸೆಂಟಿನದು ಇತ್ತು, 1793ರಿಂದ 1857ರವರೆಗೆ. ನೀವು ನೋಡಿದ 6¼ ಬಂದದ್ದು ಬೇರೆ ಕಡೆಯಿಂದ. ಡಾಲರಿಗೆ ನೂರು ಸೆಂಟು ಅಂತ 1792ರಲ್ಲೇ ಕಾನೂನಾಗಿತ್ತು. ಆದರೆ ಜನರ ಕೈಯಲ್ಲಿ ಜಾಸ್ತಿ ಓಡಾಡುತ್ತಿದ್ದದ್ದು ಸ್ಪೇನಿನ ಬೆಳ್ಳಿ ನಾಣ್ಯ. ಆ ಬೆಳ್ಳಿ ಡಾಲರಿಗೆ ಎಂಟು ರಿಯಾಲ್. ಒಂದು ರಿಯಾಲ್ ಅಂದರೆ 12½ ಸೆಂಟು. ಅರ್ಧ ರಿಯಾಲ್ 6¼. ಮೂರು ರಿಯಾಲ್ 37½. ಅಂಗಡಿಯವನು ತಲೆಯಲ್ಲಿ ರಿಯಾಲಿನಲ್ಲಿ ಎಣಿಸಿ, ಪುಸ್ತಕದಲ್ಲಿ ಸೆಂಟಿನಲ್ಲಿ ಬರೆಯುತ್ತಿದ್ದ.

ನಿಮಗಿದು ಬೇಗ ತಿಳಿಯುತ್ತದೆ, ಯಾಕಂದರೆ ನಾವೂ ಇದನ್ನೇ ಮಾಡಿದವರು. ರೂಪಾಯಿಗೆ ಹದಿನಾರಾಣೆ ಇತ್ತು. 1957ರ ಏಪ್ರಿಲ್ 1ಕ್ಕೆ ನೂರು ನಯಾಪೈಸೆ ಬಂತು. ಒಂದಾಣೆಗೆ ಎಷ್ಟಾಯಿತು? ಸರಿಯಾಗಿ 6¼ ಪೈಸೆ. ಆಮೇಲೂ ನಾವು ಎಷ್ಟೋ ವರ್ಷ ನಾಲ್ಕಾಣೆ, ಎಂಟಾಣೆ ಅಂತಲೇ ಅಂದೆವು ಅಲ್ವಾ? ಅಮೆರಿಕದವರು ಕಾಲು ಡಾಲರಿಗೆ ‘ಟು ಬಿಟ್ಸ್’ ಅನ್ನುವುದೂ ಹಾಗೇ. ಬಿಟ್ ಅಂದರೆ ಅದೇ ರಿಯಾಲ್. ಪರದೇಶದ ನಾಣ್ಯ ಇನ್ನು ನಡೆಯುವುದಿಲ್ಲ ಅಂತ ಅಲ್ಲಿ ಕಾನೂನು ಬಂದದ್ದು 1857ರಲ್ಲಿ, ನಮ್ಮ ನಯಾಪೈಸೆಗೆ ನೂರು ವರ್ಷ ಮೊದಲು. ಅದಕ್ಕೂ ಮುಂಚೆ ಸರ್ಕಾರದ ಅಂಚೆ ದರದಲ್ಲೇ 12½ ಸೆಂಟು, 18¾ ಸೆಂಟು ಅಂತ ಇರುತ್ತಿತ್ತು.

ಲಿಂಕನ್ ಬಗ್ಗೆ ಒಂದು ಕತೆ ಹೇಳುತ್ತಾರೆ, ನೀವೂ ಕೇಳಿರಬಹುದು. ಅಂಗಡಿಯಲ್ಲಿ ಗುಮಾಸ್ತನಾಗಿದ್ದಾಗ ಒಬ್ಬ ಹೆಂಗಸಿನಿಂದ ತಪ್ಪಿ ಜಾಸ್ತಿ ದುಡ್ಡು ತೆಗೆದುಕೊಂಡದ್ದು ರಾತ್ರಿ ಲೆಕ್ಕ ಮಾಡುವಾಗ ಗೊತ್ತಾಗಿ, ಬಾಗಿಲು ಹಾಕಿ ಮೈಲಿಗಟ್ಟಲೆ ನಡೆದು ಹೋಗಿ ಕೊಟ್ಟು ಬಂದನಂತೆ. ಆ ಜಾಸ್ತಿ ದುಡ್ಡು ಎಷ್ಟು ಗೊತ್ತೇ? 6¼ ಸೆಂಟು. ಕತೆ ಎಷ್ಟು ನಿಜವೋ, ಅದರೊಳಗಿನ ಮೊತ್ತ ಮಾತ್ರ ಆ ಕಾಲದ್ದೇ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ದುಡ್ಡಿಲ್ಲದ ಊರಲ್ಲಿ ಅಂಗಡಿ ಹೇಗೆ ನಡೆಯಿತು?

ಪುಸ್ತಕದ ಮೇಲೆ ನಡೆಯಿತು. ನಾನು ಹಳೇ ಲೆಕ್ಕದ ಪುಸ್ತಕಗಳನ್ನು ಓದುತ್ತಾ ಬಂದವನು. ಓದಿದಷ್ಟೂ ಒಂದು ಮಾತು ಗಟ್ಟಿಯಾಗುತ್ತದೆ. ಆ ಊರುಗಳಲ್ಲಿ ಪುಸ್ತಕ ಇದ್ದದ್ದು ದುಡ್ಡಿನ ಲೆಕ್ಕ ಇಡಲಿಕ್ಕೆ ಅಂತ ನಾವು ತಿಳಿಯುತ್ತೇವೆ. ಹಾಗಲ್ಲ. ಆ ಪುಸ್ತಕವೇ ಊರಿನ ದುಡ್ಡು. ನಾಣ್ಯ ಕೈಯಿಂದ ಕೈಗೆ ಹೋಗುವ ಬದಲು ಬರಹ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗುತ್ತಿತ್ತು.

ಪುಸ್ತಕಗಳು ಸಾಮಾನ್ಯವಾಗಿ ಎರಡು ಮೂರು. ದಿನವಿಡೀ ಗಡಿಬಿಡಿಯಲ್ಲಿ ಗೀಚುವುದಕ್ಕೆ ಒಂದು ಕಚ್ಚಾ ಪುಸ್ತಕ. ಅದನ್ನು ತಾರೀಖಿನ ಪ್ರಕಾರ ನೀಟಾಗಿ ಬರೆಯುವ ಡೇಬುಕ್. ಅದರಿಂದ ಒಬ್ಬೊಬ್ಬರ ಹೆಸರಿಗೆ ಎತ್ತಿ ಬರೆಯುವ ಲೆಡ್ಜರ್. ಎಷ್ಟೋ ಅಂಗಡಿಗಳಲ್ಲಿ ಕಚ್ಚಾ ಪುಸ್ತಕ ಮತ್ತು ಡೇಬುಕ್ ಒಂದೇ ಆಗಿರುತ್ತಿತ್ತು. ನಿಮ್ಮ ತಂದೆಯವರ ಮಾತಿನಲ್ಲಿ ಹೇಳುವುದಾದರೆ ಡೇಬುಕ್ ಅಂದರೆ ಕಿರ್ದಿ, ಲೆಡ್ಜರ್ ಅಂದರೆ ಖತಾವಣಿ. ಕಿರ್ದಿಯ ಸಾಲನ್ನು ಖತಾವಣಿಗೆ ಎತ್ತಿದ ಮೇಲೆ ಅಂಚಿನಲ್ಲಿ ಪುಟದ ನಂಬರ್ ಬರೆಯುತ್ತಿದ್ದರು, ಇಲ್ಲವೇ ಎರಡು ಓರೆಗೆರೆ ಎಳೆಯುತ್ತಿದ್ದರು. ಗೆರೆ ಇಲ್ಲದ ಸಾಲು ಕಂಡರೆ ಅದು ಇನ್ನೂ ಎತ್ತಿ ಬರೆಯದ್ದು ಅಂತ ಲೆಕ್ಕ.

ಒಂದು ಪುಟ ತೆರೆದು ನೋಡೋಣ. ಹೆಸರು, ದರ ಎಲ್ಲ ನಾನು ಉದಾಹರಣೆಗೆ ಇಟ್ಟದ್ದು. ಜಾನ್ ಅಂತ ಒಬ್ಬ ರೈತ. ಅವನ ಹೆಸರಿನ ಎಡಗಡೆ ಅವನು ಒಯ್ದದ್ದು. ಕಾಫಿ 2 ಪೌಂಡ್, 50 ಸೆಂಟು. ಚೀಟಿ ಬಟ್ಟೆ 6 ಗಜ, ಒಂದೂವರೆ ಡಾಲರ್. ಮೊಳೆ 3 ಪೌಂಡ್, 37½ ಸೆಂಟು. ಒಂದು ಕಾಗದದ ಅಂಚೆ, 25 ಸೆಂಟು. ಬಲಗಡೆ ಅವನು ತಂದು ಹಾಕಿದ್ದು. ಬೆಣ್ಣೆ 10 ಪೌಂಡ್, 62½ ಸೆಂಟು. ಜೇನುಮೇಣ 4 ಪೌಂಡ್, 75 ಸೆಂಟು. ಒಯ್ದದ್ದು 2 ಡಾಲರ್ 62½ ಸೆಂಟು, ಕೊಟ್ಟದ್ದು 1 ಡಾಲರ್ 37½ ಸೆಂಟು, ಬಾಕಿ 1 ಡಾಲರ್ 25 ಸೆಂಟು. ಇಡೀ ಪುಟದಲ್ಲಿ ಒಂದು ನಾಣ್ಯವೂ ಕೈ ಬದಲಾಯಿಸಿಲ್ಲ, ನೋಡಿ.

ಅಂಚೆ ಯಾಕೆ ಇಲ್ಲಿ ಬಂತು ಅಂತ ನಿಮಗೆ ಅನಿಸಬಹುದು. ಆಗ ಕಾಗದ ಬರೆದವನಿಗಿಂತ ಬಿಡಿಸಿಕೊಳ್ಳುವವನೇ ದುಡ್ಡು ಕೊಡುವುದು ಜಾಸ್ತಿ. ಅಂಗಡಿಯವನೇ ಪೋಸ್ಟ್ ಮಾಸ್ತರನೂ ಆಗಿರುತ್ತಿದ್ದ. ಲಿಂಕನ್ ಕೂಡ 1833ರಿಂದ 1836ರವರೆಗೆ ನ್ಯೂ ಸೇಲಂ ಪೋಸ್ಟ್ ಮಾಸ್ತರ್. 400 ಮೈಲಿ ದಾಟಿ ಬಂದ ಒಂದು ಹಾಳೆಯ ಕಾಗದಕ್ಕೆ 25 ಸೆಂಟು. ಊರಿಂದ ಅಮ್ಮ ಬರೆದ ಕಾಗದವೂ ಉದ್ರಿ ಪುಟದಲ್ಲಿ ಮೊಳೆಯ ಪಕ್ಕದಲ್ಲೇ ಕೂರುತ್ತಿತ್ತು.

ಒಂದು ಎಚ್ಚರಿಕೆ. ಅಲ್ಲಿಯ ಪುಟ ಓದುವಾಗ ಎಡಗಡೆ ಗಿರಾಕಿಯ ಸಾಲ, ಬಲಗಡೆ ಅವನ ಜಮೆ. ನಮ್ಮ ಸಾಹುಕಾರರ ಪುಸ್ತಕದಲ್ಲಿ ಇದು ತಿರುಗುಮುರುಗು. ಎಡಕ್ಕೆ ಜಮೆ, ಬಲಕ್ಕೆ ನಾವೆ, ಅಂದರೆ ಸಾಲದ ಕಡೆ. ಎರಡನ್ನೂ ಪಕ್ಕದಲ್ಲಿಟ್ಟು ಓದುವವರು ಮೊದಲು ಎಡವುವುದು ಇಲ್ಲೇ.

ಈಗ ನನಗೆ ಬಹಳ ಇಷ್ಟವಾದ ಭಾಗ. ಜಾನ್ ತನ್ನ ಕುದುರೆಗೆ ಲಾಳ ಹೊಡೆಸಿದ. ಕಮ್ಮಾರನಿಗೆ ಒಂದು ಡಾಲರ್ ಕೊಡಬೇಕು. ಕೈಯಲ್ಲಿ ದುಡ್ಡಿಲ್ಲ. ಒಂದು ಚೂರು ಕಾಗದದ ಮೇಲೆ ಅಂಗಡಿಯವನಿಗೆ ಬರೆದುಕೊಟ್ಟ: ಇವರಿಗೆ ಒಂದು ಡಾಲರಿನ ಸಾಮಾನು ಕೊಡಿ, ನನ್ನ ಹೆಸರಿಗೆ ಬರೆದುಕೊಳ್ಳಿ. ಅಂಗಡಿಯವನು ಜಾನ್‌ನ ಎಡಗಡೆ ಒಂದು ಡಾಲರ್ ಬರೆದ, ಕಮ್ಮಾರನ ಬಲಗಡೆ ಒಂದು ಡಾಲರ್ ಬರೆದ. ಕಮ್ಮಾರ ಅದರಲ್ಲಿ ಅರ್ಧವನ್ನು ತನ್ನ ಮಗಳಿಗೆ ಪಾಠ ಹೇಳಿದ ಮೇಷ್ಟ್ರ ಹೆಸರಿಗೆ ತಿರುಗಿಸಿದ. ಮೇಷ್ಟ್ರು ಅದರಲ್ಲಿ ಚಹಾ ಪುಡಿ ಒಯ್ದರು. ಲಾಳ ಹೊಡೆದದ್ದು, ಪಾಠ ಹೇಳಿದ್ದು, ಚಹಾ ಪುಡಿ, ಮೂರೂ ಒಂದೇ ಪುಸ್ತಕದೊಳಗೆ ತೀರಿತು. ಅಂಗಡಿಯವನು ಊರಿನ ಬ್ಯಾಂಕು. ಅವನ ಪುಸ್ತಕ ಸುಟ್ಟರೆ ಊರಿನವರ ಋಣಾನುಬಂಧವೆಲ್ಲ ಒಂದೇ ರಾತ್ರಿಯಲ್ಲಿ ಕಲಸಿಹೋಗುತ್ತಿತ್ತು.

ಸರಿ, ಅಂಗಡಿಯವನು ಬೆಣ್ಣೆ, ಮೇಣ, ಜಿಂಕೆ ಚರ್ಮ ತೆಗೆದುಕೊಂಡ. ಅವನಿಗೆ ಸಾಮಾನು ಕೊಟ್ಟ ದೊಡ್ಡ ಊರಿನ ವ್ಯಾಪಾರಿಗೆ ಏನು ಕೊಡಬೇಕು? ಅವನೂ ಉದ್ರಿಯಲ್ಲೇ ತಂದವನು. ವಸಂತಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೊಮ್ಮೆ ಫಿಲಡೆಲ್ಫಿಯಾಗೋ ನ್ಯೂಯಾರ್ಕಿಗೋ ಹೋಗಿ, ಆರು ತಿಂಗಳು, ವರ್ಷದ ವಾಯಿದೆಯ ಮೇಲೆ ಮಾಲು ತರುತ್ತಿದ್ದ. ಅಲ್ಲಿಗೆ ಬೆಣ್ಣೆ ಹೊತ್ತುಕೊಂಡು ಹೋಗಲಾಗದು. ದೂರ ಹೋದರೂ ಕೆಡದ, ಸಾಗಣೆ ಖರ್ಚನ್ನು ತಾನೇ ದುಡಿದುಕೊಡುವ ಮಾಲೇ ಬೇಕು.

ಇದಕ್ಕೆ ದಾರಿ ಕಂಡುಕೊಂಡವರಲ್ಲಿ ಒಬ್ಬ ವಿಲಿಯಂ ಕೂಪರ್, ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಊರು ಕಟ್ಟಿದವನು. ಊರು ಶುರುವಾದದ್ದು 1786ರಲ್ಲಿ. 1789ರ ಹೊತ್ತಿಗೆ ಒಕ್ಕಲುಗಳಿಗೆ ತಿನ್ನಲಿಕ್ಕೂ ಗತಿಯಿಲ್ಲದ ಬರ. ಅವರ ಹತ್ತಿರ ಇದ್ದದ್ದು ಮರ ಮಾತ್ರ. ಜಮೀನು ಮಾಡಲಿಕ್ಕೆ ಅದನ್ನು ಹೇಗೂ ಕಡಿದು ಸುಡಲೇಬೇಕು. ಸುಟ್ಟರೆ ಬೂದಿ. ಆ ಬೂದಿಗೆ ನೀರು ಹಾಕಿ ಸೋಸಿ, ದೊಡ್ಡ ಕಬ್ಬಿಣದ ಕಡಾಯಿಯಲ್ಲಿ ಇಂಗಿಸಿದರೆ ಪೊಟ್ಯಾಷ್. ಸಾಬೂನಿಗೆ, ಗಾಜಿಗೆ, ಬಟ್ಟೆ ಕೆಲಸಕ್ಕೆ ಬೇಕಾದ ಮಾಲು. ಕೂಪರ್ ಕಾಳು, ಹತಾರು ಕೊಟ್ಟು ಅವರ ಹೆಸರಿಗೆ ಸಾಲ ಬರೆದ. ಅವರು ತಂದ ಪೊಟ್ಯಾಷ್ ಮತ್ತು ಮೇಪಲ್ ಮರದ ಸಕ್ಕರೆಯನ್ನು ಜಮೆ ಹಿಡಿದ. ಹೀಗೆ ಮಾಡಿದ ಮೊದಲ ವರ್ಷವೇ 43 ದೊಡ್ಡ ಪೀಪಾಯಿ ಸಕ್ಕರೆ, 300 ಪೀಪಾಯಿ ಪೊಟ್ಯಾಷ್ ಮತ್ತು ಪರ್ಲ್ ಆ್ಯಶ್ (ಇನ್ನೂ ಶುದ್ಧ ಮಾಡಿದ ಪೊಟ್ಯಾಷ್) ಕೂಡಿತು, ಬೆಲೆ ಸುಮಾರು 9000 ಡಾಲರ್ ಅಂತ ಅವನೇ ಬರೆದಿಟ್ಟಿದ್ದಾನೆ. ಬೂದಿಗೆ ಆಗ ಎಷ್ಟು ಬೆಲೆ ಇತ್ತು ಅಂದರೆ, ಅಮೆರಿಕ 1790ರಲ್ಲಿ ಕೊಟ್ಟ ಮೊಟ್ಟಮೊದಲ ಪೇಟೆಂಟೇ ಪೊಟ್ಯಾಷ್ ಮಾಡುವ ವಿಧಾನಕ್ಕೆ.

ಹೊಲದ ಫಸಲು ಬರುವ ಮುಂಚೆಯೇ ಜನ ಉಳಿದುಕೊಂಡದ್ದು ಹೀಗೆ. ಸುಟ್ಟ ಕಾಡಿನ ಬೂದಿ ಒಂದು ಪುಟದ ಬಲಗಡೆ ಜಮೆಯಾಗಿ, ಎಡಗಡೆಯ ಕಾಳನ್ನು ತೀರಿಸಿತು.

ವರ್ಷಕ್ಕೊಮ್ಮೆ ಲೆಕ್ಕ ನೋಡುವುದು. ಗಿರಾಕಿಯೂ ಅಂಗಡಿಯವನೂ ಎದುರುಬದುರು ಕೂತು ಸಾಲು ಸಾಲು ಓದಿ, ತಾಳೆ ನೋಡಿ, ಕೆಳಗೆ ಇಬ್ಬರೂ ರುಜು ಹಾಕುತ್ತಿದ್ದರು. ಕೆಲವು ಹಳೇ ಪುಸ್ತಕಗಳಲ್ಲಿ ಆ ರುಜುವಿನ ಮೇಲೆ ಒಂದು ಒಕ್ಕಣೆ ಇರುತ್ತದೆ: ‘ಲೋಕ ಹುಟ್ಟಿದಾಗಿನಿಂದ ಈ ದಿನದವರೆಗಿನ ಲೆಕ್ಕವೆಲ್ಲ ಚುಕ್ತಾ’. ವಕೀಲರ ಬಿಡುಗಡೆ ಪತ್ರದ ಮಾತು ಅದು. ಎರಡು ಡಾಲರ್ ಬಾಕಿಯ ಕೆಳಗೆ ಅದನ್ನು ಓದಿದಾಗ ನನಗೆ ಮೈ ಜುಂ ಅಂದಿದೆ. ಓದು ಬಾರದವರು ರುಜುವಿನ ಜಾಗದಲ್ಲಿ ಗುಣಿಸುವ ಗುರುತು ಹಾಕಿದ್ದಾರೆ, ನಮ್ಮಲ್ಲಿ ಹೆಬ್ಬೆಟ್ಟು ಒತ್ತಿದ ಹಾಗೆ.

ಬರೆಯಲು ಬಾರದ ಅಂಗಡಿಯವನ ಬಗ್ಗೆಯೂ ಅಮೆರಿಕದ ಹಳ್ಳಿಗಳಲ್ಲಿ ಒಂದು ಕತೆ ಇದೆ. ಅವನು ಸಾಮಾನಿನ ಚಿತ್ರ ಬರೆದಿಡುತ್ತಿದ್ದ. ಒಬ್ಬ ಗಿರಾಕಿಗೆ ಒಂದು ದುಂಡನೆಯ ಚೀಸ್ ಕೊಟ್ಟಿದ್ದೇನೆ ಅಂತ ದುಡ್ಡು ಕೇಳಿದ. ಗಿರಾಕಿ, ನಾನು ಚೀಸ್ ಒಯ್ದೇ ಇಲ್ಲ, ನಮ್ಮ ಮನೆಯಲ್ಲೇ ಮಾಡುತ್ತೇವೆ ಅಂದ. ಹಾಗಾದರೆ ಏನು ಒಯ್ದೆ? ಸಾಣೆಕಲ್ಲು. ಅಯ್ಯೋ, ನಡುವೆ ತೂತು ಬರೆಯುವುದು ಮರೆತೆ! ಈ ಕತೆ ಒಂದು ರಾಜ್ಯದ್ದಲ್ಲ, ಊರೂರಲ್ಲೂ ನಮ್ಮೂರಿನದೇ ಅಂತ ಹೇಳಿಕೊಂಡಿದ್ದಾರೆ.

ಗುಟ್ಟಿನ ಬರಹವೂ ಇತ್ತು. ಅಸಲು ಬೆಲೆ ಗಿರಾಕಿಗೆ ತಿಳಿಯಬಾರದು, ಗುಮಾಸ್ತನಿಗೆ ತಿಳಿಯಬೇಕು. ಅದಕ್ಕೆ ಒಂದಕ್ಷರವೂ ಎರಡು ಸಲ ಬಾರದ, ಹತ್ತಕ್ಷರದ ಇಂಗ್ಲಿಷ್ ಮಾತು ಹಿಡಿಯುವುದು. ‘ಬ್ಲ್ಯಾಕ್ ಹಾರ್ಸ್’ ಅಂತ ಇಟ್ಟುಕೊಳ್ಳಿ. ಬಿ ಅಂದರೆ 1, ಎಲ್ ಅಂದರೆ 2, ಎ ಅಂದರೆ 3, ಸಿ 4, ಕೆ 5, ಹೀಗೆ ಕೊನೆಯ ಇ ಸೊನ್ನೆ. ಬಟ್ಟೆಯ ಚೀಟಿಯ ಮೇಲೆ ‘ಎಲ್ ಕೆ’ ಅಂತಿದ್ದರೆ ಅಸಲು 25. ನಿಮ್ಮ ತಂದೆಯವರ ಪುಸ್ತಕದಲ್ಲೋ ಹಳೇ ಚೀಟಿಗಳಲ್ಲೋ ಅರ್ಥವಾಗದ ಅಕ್ಷರಗಳು ಕಂಡರೆ ಸುಮ್ನೆ ಗೀಚಿದ್ದು ಅಂತ ಬಿಡಬೇಡಿ. ನಮ್ಮ ಜವಳಿ ಅಂಗಡಿಗಳಲ್ಲೂ ಇಂಥ ಗುಟ್ಟಿನ ಅಕ್ಷರ ಇದ್ದವು.

ಅಂಗಡಿಯವನು ಬರೆದದ್ದೇ ಸತ್ಯ ಅಂತ ಯಾಕೆ ನಂಬಬೇಕು? ಈ ಪ್ರಶ್ನೆ ಕೋರ್ಟಿಗೂ ಬಂತು. ಅಲ್ಲಿಯ ಕೋರ್ಟುಗಳು ಅಂಗಡಿಯವನು ಪ್ರಮಾಣ ಮಾಡಿ ಹೇಳಿದರೆ ಅವನ ಪುಸ್ತಕವನ್ನು ಸಾಕ್ಷಿಯಾಗಿ ತೆಗೆದುಕೊಳ್ಳುತ್ತಿದ್ದವು. ಆದರೆ ಯಾವ ಪುಸ್ತಕ? ನೀಟಾದ ಲೆಡ್ಜರ್ ಅಲ್ಲ. ಕೊಟ್ಟ ದಿನವೇ, ಕೊಟ್ಟ ಕೈಯೇ ಬರೆದ ಮೊದಲ ಬರಹ ಬೇಕು. ಹಾಗಾಗಿ ಮಸಿ ಚೆಲ್ಲಿದ, ಅಂಕುಡೊಂಕು ಅಕ್ಷರದ ಡೇಬುಕ್ಕಿಗೇ ಬೆಲೆ ಜಾಸ್ತಿ. ತಪ್ಪಾದರೆ ಕೆರೆದು ತೆಗೆಯಬಾರದು, ಕೆಳಗಿನದು ಓದಲಿಕ್ಕೆ ಬರುವ ಹಾಗೆ ಒಂದು ಗೆರೆ ಎಳೆದು ಮುಂದೆ ಸರಿ ಬರೆಯಬೇಕು. ಕೆರೆದ ಗುರುತು ಕಂಡರೆ ಇಡೀ ಪುಸ್ತಕದ ಮೇಲೆ ಅನುಮಾನ. ನಮ್ಮ 1872ರ ಸಾಕ್ಷ್ಯ ಕಾಯ್ದೆಯ 34ನೇ ಕಲಮಿನಲ್ಲೂ ಕ್ರಮವಾಗಿ ಇಟ್ಟ ಲೆಕ್ಕದ ಪುಸ್ತಕಕ್ಕೆ ಸಾಕ್ಷಿಯ ಜಾಗ ಇತ್ತು, ಆದರೆ ಅದೊಂದರಿಂದಲೇ ಯಾರ ಮೇಲೂ ಸಾಲ ಹೊರಿಸುವಂತಿರಲಿಲ್ಲ.

ಪುಸ್ತಕದಲ್ಲಿ ಯಾರ ಹೆಸರಿದೆ ಅನ್ನುವಷ್ಟೇ ಯಾರ ಹೆಸರಿಲ್ಲ ಅನ್ನೋದೂ ನೋಡಬೇಕು. ಜಾನ್‌ನ ಪುಟದಲ್ಲಿ 10 ಪೌಂಡ್ ಬೆಣ್ಣೆ ಜಮೆಯಾಯಿತಲ್ಲ, ಅದನ್ನು ಕಡೆದದ್ದು ಯಾರು? ಅವನ ಹೆಂಡತಿ. ಆದರೆ ಪುಟ ಗಂಡನ ಹೆಸರಿನಲ್ಲಿ. ಗಂಡ ಹೆಂಡಿರ ಆಸ್ತಿ ಗಂಡನದೇ ಅನ್ನುವ ಕಾನೂನು ಆಗ. ಮದುವೆಯಾದ ಹೆಂಗಸಿನ ಆಸ್ತಿ ಅವಳದೇ ಅಂತ ನ್ಯೂಯಾರ್ಕ್ ಕಾನೂನು ಮಾಡಿದ್ದು 1848ರಲ್ಲಿ. ಅಂಗಡಿ ಪುಸ್ತಕದಲ್ಲಿ ಅವಳು ಕಾಣುವುದು ‘ಹೆಂಡತಿಯ ಕೈಲಿ’ ಅನ್ನುವ ಎರಡು ಮಾತಿನಲ್ಲಿ, ಸಾಲಿನ ತುದಿಯಲ್ಲಿ. ಗಂಡ ಸತ್ತ ಮೇಲೆ ಮಾತ್ರ ಪುಟದ ಮೇಲೆ ಅವಳ ಹೆಸರು, ಮುಂದೆ ‘ವಿಧವೆ’ ಅಂತ. ಇನ್ನೂ ಮರೆಯಲ್ಲಿದ್ದವರು ಗುಲಾಮರಾಗಿ ದುಡಿದವರು. ವರ್ಜೀನಿಯಾದ ಗುಡ್ಡಗಾಡಿನ ಕಡೆ ಅಂಗಡಿ ಇಟ್ಟಿದ್ದ ಜಾನ್ ಹುಕ್ ಎಂಬವನ ಲೆಕ್ಕದಲ್ಲಿ ಸಕಿ ಅನ್ನುವ ಒಬ್ಬ ಗುಲಾಮ ಹೆಂಗಸು ಮುಖ ನೋಡುವ ಕನ್ನಡಿ ಕೊಂಡದ್ದು ಬರೆದಿದೆ. ತನ್ನ ಮೈಯೇ ತನ್ನದಲ್ಲದ ಹೆಂಗಸು, ತಾನೇ ಅಂಗಡಿಗೆ ಹೋಗಿ ಒಂದು ಕನ್ನಡಿ ತಂದಳು. ಅಂಗಡಿಯವನು ಬರೆಯದಿದ್ದರೆ ಅದು ನಮಗೆ ತಿಳಿಯುತ್ತಲೇ ಇರಲಿಲ್ಲ.

ಅಂಗಡಿಯವನ ಪಾಡೂ ಸುಲಭದ್ದಲ್ಲ. ಲಿಂಕನ್ ಮತ್ತು ವಿಲಿಯಂ ಬೆರಿ ಪಾಲಿನಲ್ಲಿ ಅಂಗಡಿ ಹಿಡಿದದ್ದು ಬಹುತೇಕ ಸಾಲದ ಪತ್ರದ ಮೇಲೆ. ಅಂಗಡಿ ಮುಳುಗಿತು. 1835ರಲ್ಲಿ ಬೆರಿ ತೀರಿಕೊಂಡ. ಸುಮಾರು 1100 ಡಾಲರ್ ಸಾಲ ಲಿಂಕನ್ ಒಬ್ಬನ ತಲೆಗೆ ಬಂತು. ಅವನ ಕುದುರೆ, ಜಮೀನು ಅಳೆಯುವ ಸಾಧನ ಹರಾಜಾದವು. ಒಬ್ಬ ಸ್ನೇಹಿತ ಹರಾಜಿನಲ್ಲಿ ಕೊಂಡು ಅವನಿಗೇ ವಾಪಸ್ ಕೊಟ್ಟ. ಆ ಸಾಲಕ್ಕೆ ಲಿಂಕನ್ ಇಟ್ಟ ಹೆಸರು ‘ನ್ಯಾಷನಲ್ ಡೆಟ್’, ಅಂದರೆ ದೇಶದ ಸಾಲ. ತೀರಿಸಲಿಕ್ಕೆ ವರ್ಷಗಟ್ಟಲೆ ಹಿಡಿಯಿತು. 1841ರಲ್ಲಿ ನ್ಯೂಯಾರ್ಕಿನ ಲೂಯಿಸ್ ಟ್ಯಾಪನ್ ಹಳ್ಳಿ ಅಂಗಡಿಯವರ ಸಾಲದ ಯೋಗ್ಯತೆ ಬರೆದಿಡುವ ಕಂಪನಿಯನ್ನೇ ತೆರೆದ. ಊರವರ ಲೆಕ್ಕ ಬರೆಯುತ್ತಿದ್ದವನ ಲೆಕ್ಕವನ್ನು ಇನ್ನೊಬ್ಬ ಬರೆದ. ಆ ಕಂಪನಿಯ 2500ಕ್ಕೂ ಹೆಚ್ಚು ಸಂಪುಟ ಇವತ್ತು ಹಾರ್ವರ್ಡಿನಲ್ಲಿವೆ.

ಇನ್ನು ನಿಮ್ಮ ಅಟ್ಟಕ್ಕೆ ಬರೋಣ. ನಮ್ಮಲ್ಲಿ ಕಾಗದದ ಪುಸ್ತಕಕ್ಕೆ ಮುಂಚೆ ಕಡತ ಇತ್ತು. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಮಡಿಚಿ, ಬಳಪದಲ್ಲಿ ಬರೆಯುವುದು. ಶೃಂಗೇರಿ ಮಠದ ಕಡತಗಳು ಉಳಿದವು ಅಂತ ಅಲ್ಲಿಯ ಇತಿಹಾಸ ನಮಗೆ ಸಿಕ್ಕಿತು. ಅಂಗಡಿಗಳ ಕಡತ ಹೆಚ್ಚು ಉಳಿಯಲಿಲ್ಲ, ಒರೆಸಿ ಮತ್ತೆ ಬರೆಯುತ್ತಿದ್ದರಲ್ಲ. ಹಾಗಾಗಿ ಅಂಗಡಿಯ ಕಾಗದದ ಪುಸ್ತಕಕ್ಕೇ ಬೆಲೆ.

ಅಮೆರಿಕದಲ್ಲೂ ಇದೇ ಗೋಳು. ಎಷ್ಟೋ ಲೆಡ್ಜರ್‌ಗಳ ಮೇಲೆ ಆಮೇಲಿನ ತಲೆಮಾರಿನವರು ಪತ್ರಿಕೆಯ ತುಣುಕು ಅಂಟಿಸಿದ್ದಾರೆ, ಮಕ್ಕಳು ಚಿತ್ರ ಬರೆದಿದ್ದಾರೆ. ಕೆಳಗಿನ ಲೆಕ್ಕ ಓದಲಿಕ್ಕೆ ಈಗ ಒದ್ದಾಡುತ್ತಾರೆ.

ಪುಸ್ತಕ ಇಳಿಸಿದ ಮೇಲೆ ಮೊದಲು ಒಣ, ಮೆತ್ತನೆಯ ಬ್ರಷ್ಷಿನಲ್ಲಿ ಧೂಳು ತೆಗೆಯಿರಿ. ಒದ್ದೆ ಬಟ್ಟೆ ಬೇಡ. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಬೇಡವೇ ಬೇಡ. ಪುಟಗಳ ನಡುವೆ ಸಿಕ್ಕಿಸಿದ ಚೀಟಿಗಳಿದ್ದರೆ ಯಾವ ಪುಟದಲ್ಲಿತ್ತು ಅಂತ ಕಾಣುವ ಹಾಗೆ ಮೊಬೈಲಿನಲ್ಲಿ ಫೋಟೋ ತೆಗೆದ ಮೇಲೇ ಎತ್ತಿ. ಮೊದಲ ಪುಟದ ‘ಶ್ರೀ’, ಅರಿಶಿನ ಕುಂಕುಮದ ಕಲೆ, ಖಾಲಿ ಪುಟ, ಎಲ್ಲದರ ಫೋಟೋ ಇರಲಿ. ಪೂಜೆಯ ಕಲೆಯಿಂದಲೇ ದೀಪಾವಳಿಯ ಹೊಸ ಖಾತೆ ಎಲ್ಲಿ ಶುರುವಾಯಿತು ಅಂತ ಹಿಡಿಯಬಹುದು. ಆಮೇಲೆ ಹತ್ತಿ ಬಟ್ಟೆಯಲ್ಲಿ ಸುತ್ತಿ, ತೇವ ಇಲ್ಲದ ಕಪಾಟಿನಲ್ಲಿ ಮಲಗಿಸಿಡಿ. ಅದರಲ್ಲಿ ಊರಿನ ಮನೆಗಳ ಸಾಲದ ವಿಷಯ ಇರುತ್ತದೆ, ಆ ಮನೆಯವರು ಇನ್ನೂ ಅಲ್ಲೇ ಇರಬಹುದು. ಹಾಗಾಗಿ ಪುಟಗಳನ್ನು ಎಲ್ಲರಿಗೂ ಹಂಚಬೇಡಿ.

ಇವೆಲ್ಲ ನಿಧಾನಕ್ಕೆ ಮಾಡಬಹುದು. ತಡ ಮಾಡಬಾರದ ಕೆಲಸ ಒಂದೇ. ಅಮ್ಮ ಇದ್ದಾರೆ ಅಂದಿರಿ. ಈ ಭಾನುವಾರವೇ ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಸ್ತಕ ತೆರೆಯಿರಿ. ಅಂಗಡಿಯ ಬರಹದಲ್ಲಿ ಪೂರ್ತಿ ಹೆಸರು ಇರುವುದಿಲ್ಲ. ‘ಮೇಲಿನ ಓಣಿ’, ‘ಬಾವಿ ಮನಿ’, ‘ಸಣ್ಣ ಗೌಡ್ರು’ ಅಂತಿರುತ್ತದೆ. ಯಾರು, ಯಾವ ಮನೆ, ಆ ಅಳತೆ ಸೇರೋ ಪಾವೋ, ಅಂಚಿನಲ್ಲಿರುವ ಚುಕ್ಕೆ ಏನು, ಒಂದೊಂದೇ ಕೇಳಿ, ಬೇರೆ ನೋಟ್‌ಬುಕ್ಕಿನಲ್ಲಿ ಪುಟದ ನಂಬರ್ ಹಾಕಿ ಬರೆದುಕೊಳ್ಳಿ. ಅವರ ಮಾತು ರೆಕಾರ್ಡೂ ಮಾಡಿಕೊಳ್ಳಿ. ಮತ್ತೊಂದು ಕೇಳುವುದು ಮರೆಯಬೇಡಿ: ಅಪ್ಪ ಊಟಕ್ಕೆ ಹೋದಾಗ ಗಲ್ಲೆಯ ಮೇಲೆ ಕೂತು ಬರೆಯುತ್ತಿದ್ದವರು ಯಾರು? ಬೇರೆ ಅಕ್ಷರದ ಸಾಲುಗಳು ಅಲ್ಲಲ್ಲಿ ಕಂಡರೆ, ಅವು ಅಮ್ಮನವೇ ಇರಬಹುದು.